ಸುವಾರ್ತಮ್ಮನ ಹೊಸ ಮಂಡಿ

ಭದ್ರಾವತಿ ನ್ಯೂ ಟೌನಿನ ಸುವಾರ್ತಮ್ಮನಿಗೆ ಯಾವ ವಿಷಯಕ್ಕೂ ಒಂದೇ ಮಾತು: ದೇವರ ಚಿತ್ತ. ಗಂಡ ದೇವದಾನಂ ಕಾರ್ಖಾನೆಯಿಂದ ನಿವೃತ್ತನಾದಾಗಲೂ ಅದೇ, ಮಗ ಪ್ರಭಾಕರನಿಗೆ ಹೊಸಪೇಟೆಯಲ್ಲಿ ಕೆಲಸ ಸಿಕ್ಕಾಗಲೂ ಅದೇ, ಹಾಲು ಒಡೆದರೂ ಅದೇ. ಬರೀ ಬಾಯಿಮಾತಲ್ಲ ಅದು. ದೇವರಿಗೆ ಗೊತ್ತಿಲ್ಲದೆ ಒಂದು ಗುಬ್ಬಿಯೂ ನೆಲಕ್ಕೆ ಬೀಳುವುದಿಲ್ಲ ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳಿಕೊಟ್ಟವಳು, ತಾನೂ ಹಾಗೆಯೇ ನಂಬಿದವಳು.

ಆ ನಂಬಿಕೆಯನ್ನು ಅವಳು ಒಂದು ಸಲ ಕೆಟ್ಟದ್ದಕ್ಕೆ ಬಳಸಿಕೊಂಡಿದ್ದಳು. ಪ್ರಭಾಕರನಿಗೆ ಶಿವಮೊಗ್ಗದ ಅಮೂಲ್ಯ ಎಂಬ ಹುಡುಗಿಯ ಜೊತೆ ನಿಶ್ಚಿತಾರ್ಥವಾಗಿತ್ತು. ಎರಡೂ ಮನೆಯವರು ಸೇರಿ ಅಲ್ಲಿನ ಗಾಂಧಿ ಬಜಾರಿಗೆ ಮದುವೆ ಸೀರೆ ಆರಿಸಲು ಹೋದಾಗ, ಸೆರಗು ಹೊದ್ದು ನೋಡುತ್ತಿದ್ದ ಹುಡುಗಿಯ ಮೊಣಕೈ ಹತ್ತಿರ ಬಿಳಿ ಮಚ್ಚೆ ಕಂಡಿತು. ತೊನ್ನು. ಅದು ಅಂಟುವ ರೋಗವಲ್ಲ ಎಂದು ಸುವಾರ್ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಮಗನ ಬಾಯಿ ಮುಚ್ಚಿಸಿ ಹುಡುಗಿಯ ಮನೆಗೆ ಫೋನ್ ಮಾಡಿದಳು. "ಪ್ರಾರ್ಥನೆ ಮಾಡಿದ್ವಿ, ಈ ಸಂಬಂಧ ದೇವರ ಚಿತ್ತ ಅಲ್ಲ ಅಂತ ಕಾಣುತ್ತೆ" ಎಂದು ಹೇಳಿ ಮುಗಿಸಿದಳು. ಚರ್ಚಿನಲ್ಲಿ ಕೇಳಿದವರಿಗೆ ಹೆಣ್ಣಿನ ಕಡೆಯವರೇ ಹಿಂದೆ ಸರಿದರು ಎಂದಳು.

ಇದಾಗಿ ಏಳು ವರ್ಷ. ಪ್ರಭಾಕರನಿಗೆ ಬೇರೆ ಕಡೆ ಮದುವೆಯಾಯಿತು. ಸುವಾರ್ತಮ್ಮನ ಮಂಡಿ ಸವೆದು ನಡೆಯುವುದೇ ಕಷ್ಟವಾಗಿ, ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಬಲಗಾಲಿಗೆ ಹೊಸ ಮಂಡಿ ಹಾಕಿದರು. ಮರುದಿನ ಬೆಳಿಗ್ಗೆ ವ್ಯಾಯಾಮ ಮಾಡಿಸಲು ಪರದೆ ಸರಿಸಿ ಒಳಗೆ ಬಂದವಳು ಅಮೂಲ್ಯ.

ಬಿಳುಪು ಈಗ ಅವಳ ಎರಡೂ ಕೈಗಳನ್ನು ಆವರಿಸಿ ತುಟಿಯ ಅಂಚಿಗೂ ಬಂದಿತ್ತು. ಅರ್ಧ ತೋಳಿನ ಬಿಳಿ ಕೋಟು ಹಾಕಿದ್ದಳು, ಏನನ್ನೂ ಮುಚ್ಚಿಕೊಂಡಿರಲಿಲ್ಲ.

"ಹಿಮ್ಮಡಿ ಒಳಗೆ ಎಳ್ಕೊಳ್ಳಿ ಆಂಟಿ. ನಿಧಾನ, ಅವಸರ ಇಲ್ಲ."

ಸುವಾರ್ತಮ್ಮ ಕಣ್ಣು ಮುಚ್ಚಿಕೊಂಡಳು. ತಾನು ಬೇಡವೆಂದಿದ್ದ ಕೈಗಳು ಮಂಡಿಯ ಕೆಳಗೆ ಬಂದು ಕಾಲಿನ ಭಾರ ಹೊತ್ತವು. ಬೆಚ್ಚಗಿದ್ದವು.

ಅಮೂಲ್ಯ ಆಚೆ ಹೋದ ಕೂಡಲೇ ಸುವಾರ್ತಮ್ಮ ಗಂಡನಿಗೆ ಹೇಳಿದಳು: "ರೀ, ಬೇರೆ ಯಾರನ್ನಾದ್ರೂ ಕಳಿಸೋಕೆ ಹೇಳಿ."

"ಯಾಕೆ ಅಂತ ಹೇಳ್ಲಿ?" ದೇವದಾನಂ ಕೇಳಿದ. "ಆ ಹುಡುಗಿ ನಿನ್ನ ಹೆಸರು ನೋಡ್ಕೊಂಡೇ ಒಳಗೆ ಬಂದಿರ್ತಾಳೆ ಮಾರಾಯ್ತಿ. ಅವಳೇ ಬಂದ್ಲು, ನಿಂದೇನು?"

ರಾತ್ರಿಯೆಲ್ಲ ಯೋಚಿಸಿದ ಸುವಾರ್ತಮ್ಮ ಮಾರನೇ ದಿನ ತಾನೇ ಬಾಯಿ ತೆರೆದಳು. "ನೋಡಮ್ಮ, ಎಲ್ಲಾ ದೇವರ ಚಿತ್ತ. ನಮ್ಮನ್ನ ಮತ್ತೆ ಸೇರಿಸಬೇಕು ಅಂತ ಅವನಿಗಿತ್ತು."

ಅಮೂಲ್ಯ ಅವಳ ಕಾಲನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟಳು.

"ಅವತ್ತೂ ಇದನ್ನೇ ಹೇಳಿದ್ರಿ ಆಂಟಿ. ದೇವರು ಎಲ್ಲಾನೂ ಆಳ್ತಾನೆ ಅಂತ ನಾನೂ ನಂಬ್ತೀನಿ. ಆ ನಂಬಿಕೆ ಇಲ್ದಿದ್ರೆ ನಾನು ಉಳೀತಿರ್ಲಿಲ್ಲ. ಆದ್ರೆ ಅವತ್ತು ಫೋನ್ ಮಾಡಿದ್ದು ದೇವರಲ್ಲ, ನೀವು."

ಪಕ್ಕದ ಹಾಸಿಗೆಯಾಕೆ ಕಿತ್ತಳೆ ಸುಲಿಯುತ್ತಿದ್ದ ವಾಸನೆ ಬರುತ್ತಿತ್ತು.

"ಹೌದು" ಎಂದಳು ಸುವಾರ್ತಮ್ಮ. "ನಾನೇ ಮಾಡಿದ್ದು. ನಿನ್ನ ಕೈ ನೋಡಿ ಅಸಹ್ಯ ಪಟ್ಕೊಂಡೆ. ದೇವರ ಹೆಸರು ಹೇಳಿ ತಪ್ಪಿಸಿಕೊಂಡೆ. ಕ್ಷಮಿಸ್ತೀಯಾ?"

"ಕ್ಷಮಿಸಿ ಆಗಿದೆ. ನೀವು ಕೇಳೋಕೆ ಮುಂಚೆನೇ."

"ಅಷ್ಟು ಸುಲಭವಾಗಿ?"

ಅಮೂಲ್ಯ ಸ್ಟೂಲ್ ಎಳೆದುಕೊಂಡು ಕೂತಳು. "ಸುಲಭ ಎಲ್ಲಿ ಬಂತು? ಸೆಖೆಗಾಲದಲ್ಲೂ ಉದ್ದ ತೋಳು ಹಾಕ್ತಿದ್ದೆ. ಅಪ್ಪ ಚರ್ಚಿಗೆ ಹೋಗೋದೇ ಬಿಟ್ರು. ಕರ್ತನ ಭೋಜನದ ರೊಟ್ಟಿ ತಗೊಳ್ಳೋಕೆ ಅಂತ ಎದ್ದು ಹೋಗ್ತಿದ್ದೆ, ನಿಮ್ಮ ಮುಖ ನೆನಪಾಗಿ ಅರ್ಧಕ್ಕೇ ವಾಪಸ್ ಬಂದು ಕೂರ್ತಿದ್ದೆ. ನನ್ನ ಕ್ಷಮಿಸೋಕೆ ಯೇಸು ಪ್ರಾಣಾನೇ ಕೊಟ್ಟ ಅಂತ ಗೊತ್ತು. ಆದ್ರೂ ನಿಮ್ಮ ಮೇಲಿನ ಸಿಟ್ಟು ಬಿಡೋಕೆ ಮನಸ್ಸು ಬರ್ತಿರ್ಲಿಲ್ಲ. ಅತ್ತೂ ಅತ್ತೂ ಬಿಟ್ಟೆ."

"ಈಗ ಚೆನ್ನಾಗಿದೀಯಲ್ಲಮ್ಮ?"

"ಚೆನ್ನಾಗಿದೀನಿ. ನಮ್ಮನೆಯವರು ಶಂಕರಘಟ್ಟದಲ್ಲಿ ಯೂನಿವರ್ಸಿಟಿ ಲೈಬ್ರರೀಲಿ ಇದ್ದಾರೆ. ಮಗಳಿದ್ದಾಳೆ, ಬಲೇ ತುಂಟಿ. ಆದ್ರೆ ಅದೆಲ್ಲ ಆಮೇಲೆ ಬಂದಿದ್ದು. ಚೆನ್ನಾಗಾಯ್ತು ಅಂತ ಕ್ಷಮಿಸಿದ್ದಲ್ಲ. ಏಳಿ, ಇವತ್ತು ಬಾಗಿಲ ತನಕ ನಡೀಬೇಕು."

ಬಾಗಿಲ ತನಕ ನಡೆದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಅದು ಬರೀ ಮಂಡಿಯ ನೋವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸುಮ್ಮನೆ ಇಷ್ಟನ್ನು ಪಡೆದುಕೊಂಡು ಹೋಗುವುದು ಸುವಾರ್ತಮ್ಮನಿಗೆ ಆಗಲಿಲ್ಲ. ಡಿಸ್ಚಾರ್ಜಿನ ಹಿಂದಿನ ದಿನ ಗಂಡನನ್ನು ಗಾಂಧಿ ಬಜಾರಿಗೆ ಓಡಿಸಿ ಒಳ್ಳೆಯ ರೇಷ್ಮೆ ಸೀರೆ ತರಿಸಿದಳು. ಅಮೂಲ್ಯ ಅದರ ಅಂಚು ಮುಟ್ಟಿ ನೋಡಿ, ಚೆಂದ ಇದೆ ಎಂದು ಮೆಚ್ಚಿ, ಹಾಗೇ ವಾಪಸ್ ಕೊಟ್ಟಳು.

"ಬೇಡ ಆಂಟಿ. ಇದನ್ನ ತಗೊಂಡ್ರೆ ನಮ್ಮಿಬ್ಬರದು ಚುಕ್ತಾ ಆಯ್ತು ಅಂತ ನಿಮಗನ್ಸುತ್ತೆ. ಚುಕ್ತಾ ಆಗೋದು ಬೇಡ. ಕ್ಷಮಿಸಿದ್ದಕ್ಕೆ ನಾನು ಬೆಲೆ ತಗೊಳ್ಳಲ್ಲ. ಸೊಸೆಗೆ ಕೊಡಿ."

ಸುವಾರ್ತಮ್ಮನಿಗೆ ಮೊದಲು ಅವಮಾನವಾದಂತಾಯಿತು. ಮರುದಿನ ಕಾರು ಭದ್ರಾವತಿ ಮುಟ್ಟುವ ಹೊತ್ತಿಗೆ ಮನಸ್ಸು ಹಗುರವಾಗಿತ್ತು.

ಮನೆಗೆ ಬಂದವಳೇ ಮಗನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. "ನಂಗೂ ಬಾಯಿತ್ತಮ್ಮ. ಅವತ್ತು ನಾನೇ ಬಾಯಿ ಬಿಡಲಿಲ್ಲ" ಎಂದ ಪ್ರಭಾಕರ. ಅಮೂಲ್ಯಳ ತಂದೆಗೆ ಪತ್ರ ಬರೆಯುತ್ತೇನೆಂದ, ಬರೆದ.

ಚರ್ಚಿನ ಹೆಂಗಸರ ಕೂಟದಲ್ಲಿ ಶಸ್ತ್ರಚಿಕಿತ್ಸೆ ಚೆನ್ನಾಗಿ ಆದದ್ದಕ್ಕೆ ದೇವರನ್ನು ಕೊಂಡಾಡಿ ಸಾಕ್ಷಿ ಹೇಳಲು ಕರೆದಾಗ, ಸುವಾರ್ತಮ್ಮ ಕೋಲೂರಿ ನಿಂತು ಇಡೀ ಕಥೆ ಹೇಳಿದಳು. ಹೆಣ್ಣಿನ ಕಡೆಯವರು ಹಿಂದೆ ಸರಿದದ್ದು ಸುಳ್ಳು, ಸರಿದದ್ದು ತಾನು ಎಂದಳು. ಕೂಟದ ಹಿರಿಯಳು ಜ್ಞಾನಸುಂದರಿ, "ಇಷ್ಟು ವರ್ಷ ಅವರನ್ನ ನಾವೆಲ್ಲ ಬೈದ್ವಲ್ಲೇ" ಎಂದು ಮುಖ ತಿರುಗಿಸಿದಳು. ಕೆಲವು ವಾರ ಅವಳು ಇವರ ಮನೆ ಕಡೆ ಬರಲಿಲ್ಲ. ಆಮೇಲೆ ಒಂದು ಸಂಜೆ ಕೋಡುಬಳೆ ಡಬ್ಬಿ ಹಿಡಿದುಕೊಂಡು ಬಂದಳು.

ಮುಂದಿನ ತಿಂಗಳ ಮೊದಲ ಭಾನುವಾರ ಕರ್ತನ ಭೋಜನವಿತ್ತು. ಎಲ್ಲರೂ ಬಲಿಪೀಠದ ಕಟಕಟೆಯ ಮುಂದೆ ಮೊಣಕಾಲೂರಿದರು. ಹೊಸ ಮಂಡಿ ಅದಕ್ಕಿನ್ನೂ ಒಪ್ಪುವಂತಿರಲಿಲ್ಲ.

"ನಿಂತೇ ತಗೊಳ್ಳಿ ಅಮ್ಮ" ಎಂದರು ಪಾದ್ರಿಗಳು.

ಸುವಾರ್ತಮ್ಮ ಕೋಲನ್ನು ಗಂಡನ ಕೈಗೆ ಕೊಟ್ಟು ಎರಡೂ ಅಂಗೈ ಚಾಚಿದಳು. ರೊಟ್ಟಿ ಬಿತ್ತು. ತಿಂದಳು. ಆಚೆ ಬಂದಾಗ ಹಸಿವಾಗಿತ್ತು. ದೇವದಾನಂ ಆಟೋ ಕರೆಯಲು ಹೊರಟಾಗ, "ಬೇಡ, ನಡ್ಕೊಂಡೇ ಹೋಗೋಣ" ಎಂದಳು. ನ್ಯೂ ಟೌನಿನ ಮರಗಳ ನೆರಳಲ್ಲಿ ಇಬ್ಬರೂ ನಿಧಾನವಾಗಿ ಮನೆ ಕಡೆ ನಡೆದರು.