ಅಂಚು ಕತ್ತರಿಸಬೇಕಿದ್ದ ಕಾರ್ಡು

ಹೊಲಿಗೆಯಮ್ಮನ ಮಗ ಯುದ್ಧಭೂಮಿಯಿಂದ ಹೊಸ ವರ್ಷದ ಕಾರ್ಡು ಕಳಿಸಿದ್ದು ನಮ್ಮ ಬೀದಿಯ ನಾಯಿಗೂ ಗೊತ್ತಾಗಿತ್ತು. ಎದುರುಮನೆಗೆ ತೋರಿಸಿ, ಹಾಲಿನವನಿಗೆ ತೋರಿಸಿ, ಔಷಧಿ ಅಂಗಡಿಯ ಮುಂದೆ ಕಾಲು ಗಂಟೆ ನಿಂತು ತೋರಿಸಿ, ಕೊನೆಗೆ ಹೊಲಿಗೆಯಮ್ಮ ಅದನ್ನು ಹಿಡಿದುಕೊಂಡು ನಮ್ಮ ಅಚ್ಚಿನ ಪ್ರೆಸ್ಸಿಗೇ ಬಂದರು. ನನಗೆ ಮೈಯೆಲ್ಲ ಉರಿಯಿತು. ನನ್ನ ತಮ್ಮನೂ ಅದೇ ದಂಡಿನ ಜೊತೆ ಕಡಲು ದಾಟಿದವನು. ಅವನಿಂದ ಕಾಗದ ಬಂದು ನಾಲ್ಕು ತಿಂಗಳಾಗಿತ್ತು. ಅವನ ತುಕಡಿಯಿದ್ದ ಕಡೆ ಭಾರಿ ಕಾಳಗವಾಯಿತೆಂದು ಪತ್ರಿಕೆಯಲ್ಲಿ ಓದಿದ್ದೆವು, ಆಮೇಲೆ ಏನೂ ಇಲ್ಲ. ಇದ್ದಾನೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

“ನೋಡಮ್ಮಾ, ಗಾಜಿನ ಚೌಕಟ್ಟು ತಂದೆ, ಕಾರ್ಡು ದೊಡ್ಡದಾಗ್ಬಿಡ್ತು. ಸುತ್ತಲಿನ ಈ ಬಳ್ಳಿಗಿಳ್ಳಿ ಎಲ್ಲ ಕತ್ತರಿಸಿಬಿಡು, ಒಳಗಿನ ಅಕ್ಷರ ಇದ್ರೆ ಸಾಕು. ಹುಷಾರು ಮತ್ತೆ, ಇಂಥದ್ದು ಎಲ್ರಿಗೂ ಸಿಗಲ್ಲ.”

“ಹೌದೌದು, ಎಲ್ರಿಗೂ ಎಲ್ಲಿ ಸಿಗತ್ತೆ,” ಅಂದೆ. ಗಾಯದ ಮೇಲೆ ಬರೆ ಎಳೆದಂತಾಗಿತ್ತು. ಪಾಪ, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾಲಿಗೆಗೆ ಎಲುಬಿಲ್ಲ ಅಷ್ಟೆ.

ಕಾರ್ಡನ್ನು ಕತ್ತರಿಸುವ ಯಂತ್ರದ ಅಲಗಿನ ಕೆಳಗೆ ಸರಿಸಿ ಹಿಡಿಗೆ ಕೈ ಹಾಕಿದೆ. ಎಲ್ಲಿಗೆ ಕತ್ತರಿಸಬೇಕೆಂದು ಅಂಚು ನೋಡಿದವಳು ಹಾಗೇ ನಿಂತೆ. ನಾಲ್ಕು ಮೂಲೆಗೆ ನಾಲ್ಕು ಎಲೆಗಳಿದ್ದವು. ಮೂರರ ತುದಿ ಹೊರಕ್ಕೆ ಚಾಚಿತ್ತು. ಕೆಳಗಿನ ಒಂದು ಮಾತ್ರ ತಿರುಗಿ ಒಳಕ್ಕೆ ಮುಖ ಹಾಕಿಕೊಂಡಿತ್ತು.

ನನ್ನ ತಮ್ಮ ಎಡಗೈಯವನು, ಬೀದಿಗೆಲ್ಲ ಅವನು ಎಡಚ. ಆರು ವರ್ಷ ಅಪ್ಪನ ಕೈಕೆಳಗೆ ಅಚ್ಚಿನ ಅಕ್ಷರದ ಮೊಳೆ ಜೋಡಿಸಿದ. ಆರು ವರ್ಷವೂ ಹೂವಿನ ಅಂಚು ಕಟ್ಟುವಾಗ ಕೊನೆಯ ಮೂಲೆ ತಿರುಗುಮುರುಗು. ಬೈದರೂ ಅಷ್ಟೆ, ಬೆರಳ ಗೆಣ್ಣಿಗೆ ಅಳತೆಪಟ್ಟಿಯಿಂದ ಬಿಟ್ಟರೂ ಅಷ್ಟೆ. ನಾಯಿಬಾಲ ಡೊಂಕೇ ಎಂದು ಅಪ್ಪ ಆ ಮೂಲೆಗೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತುತ್ತಿದ್ದ.

“ಅಪ್ಪಾ!” ಎಂದು ನಾನು ಕೂಗಿದ ರೀತಿಗೆ ಹೊಲಿಗೆಯಮ್ಮ, “ಅಯ್ಯೋ, ಹಾಳು ಮಾಡಿದ್ಯಾ?” ಎಂದು ಎದೆ ಹಿಡಿದುಕೊಂಡರು.

ಅಪ್ಪ ಭೂತಗನ್ನಡಿ ತಂದ. ಮೊದಲು ಹಿಂಬದಿ ತಿರುಗಿಸಿ ಓದಿದ. ‘ಅಮ್ಮಾ, ಇದನ್ನು ಮೊನ್ನೆ ಸಾವಿರಾರು ಮಂದಿಯ ನಮ್ಮ ಶಿಬಿರದಲ್ಲೇ ಅಚ್ಚು ಹಾಕಿದ್ದು’ ಎಂದು ಹೊಲಿಗೆಯಮ್ಮನ ಮಗ ಬರೆದಿದ್ದ. ತಾರೀಕು ಬರೀ ಮೂರು ವಾರದ ಹಿಂದಿನದು, ಆ ಕಾಳಗ ಮುಗಿದ ಮೇಲಿನದು. ಆಮೇಲೆ ಅಪ್ಪ ಮೂಲೆ ನೋಡಿದ.

“ಒಂದು ಎಲೆ ತಾನೆ, ಯಾರ ಕೈಯಲ್ಲಾದ್ರೂ ತಿರುಗಬಹುದು,” ಅಂದ. ನಂಬಿ ಆಮೇಲೆ ಸುಳ್ಳಾದರೆ ತಡೆಯುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ, ನನಗದು ಗೊತ್ತಿತ್ತು.

“ಇದು?” ಎಂದು ಶುಭಾಶಯದ ಕೆಳಗೆ ಬೆರಳಿಟ್ಟೆ. ಅಲ್ಲಿ ಬರೀ ಗೆರೆ ಎಳೆಯುವುದು ಎಲ್ಲ ಕಡೆಯ ಪದ್ಧತಿ. ಎಡಚನಿಗೆ ಗೆರೆ ಎಂದರೆ ಬೇಜಾರು, ಮೂರು ಪುಟ್ಟ ನಕ್ಷತ್ರ ತುರುಕದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಕಾರ್ಡಿನಲ್ಲಿ ಮೂರೂ ಇದ್ದವು.

ಅಪ್ಪ ಮೊಳೆ ತುಂಬಿದ ಮರದ ಖಾನೆಗಳ ಮುಂದೆ ಹೋಗಿ ನಿಂತು, ಹುಟ್ಟಿನಿಂದ ಬಲಗೈಯವನಾದ ಮನುಷ್ಯ, ಎಡಗೈಯಿಂದ ಅಂಚು ಕಟ್ಟತೊಡಗಿದ. ನಾವೆಲ್ಲ ಸುತ್ತುವ ದಿಕ್ಕಿಗೆ ಎಡಗೈ ಸುತ್ತಲೊಲ್ಲದು. ಅದು ಉಲ್ಟಾ ಹೊರಟಿತು. ಕೊನೆಯ ಮೂಲೆಗೆ ಬಂದಾಗ ಮಣಿಕಟ್ಟು ತಾನಾಗಿ ಹೊರಳಿ, ಎಲೆ ಒಳಕ್ಕೆ ಮುಖ ಮಾಡಿ ಕೂತಿತು. ಕಿತ್ತು ಮತ್ತೆ ಕಟ್ಟಿದ. ಮತ್ತೆ ಹಾಗೇ.

“ಅಜಾಗ್ರತೆ ಅಲ್ವೇ ಅಲ್ಲ ಕಣೇ ಇದು. ಆ ಕೈಗೆ ಬರೋದೇ ಹಿಂಗೆ. ಸುಮ್ಸುಮ್ನೆ ಹೊಡೆದ್ನಲ್ಲೇ ಆರು ವರ್ಷ!” ಅಪ್ಪ ಗಲ್ಲದ ಮೇಲಿನ ನೀರು ಒರೆಸಿಕೊಳ್ಳುತ್ತ ನಗುತ್ತಿದ್ದ. ನನಗಂತೂ ಹೋದ ಜೀವ ಬಂದಂತಾಯಿತು. ತಮ್ಮನ ಕಾಗದಗಳು ಆಮೇಲೆ ಬಂದವು, ಎಲ್ಲೋ ಸಿಕ್ಕಿಕೊಂಡಿದ್ದ ಐದೂ ಒಂದೇ ದಿನ. ಆದರೆ ನಮ್ಮ ಮನೆಗೆ ಸುದ್ದಿ ಬಂದದ್ದು ಈ ಎಲೆಯಿಂದ.

ಅಪ್ಪ ಎರಡೆರಡು ಮೆಟ್ಟಿಲು ಹಾರುತ್ತ ಮಹಡಿಗೆ ಓಡಿದ. ಹಿಂದೆ ನಾನು, ನನ್ನ ಹಿಂದೆ “ಕಾರ್ಡು ನಂದು ಕಣ್ರೀ!” ಎನ್ನುತ್ತ ಹೊಲಿಗೆಯಮ್ಮ.

ಅಮ್ಮ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ಅಪ್ಪ ತೊದಲುತ್ತ ಹೇಳಿದ್ದನ್ನೆಲ್ಲ ಕೇಳಿದಳು. ಕಾರ್ಡನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

“ಹಾಗಾದ್ರೆ ಎಡಗೈ ಇದೆ,” ಅಂದಳು.

“ಇದೆ. ಇನ್ನೊಂದೂ ಇದೆ. ಒಂದು ಕೈ ಹಿಡೀಬೇಕು, ಒಂದು ಕೈ ಜೋಡಿಸ್ಬೇಕು.”

“ಕಾಲು?”

“ಕೂತ್ಕೊಂಡು ಯಾರು ಮೊಳೆ ಜೋಡಿಸ್ತಾರೆ? ದಿನವೆಲ್ಲ ನಿಂತೇ ಇರ್ಬೇಕು.”

“ಕಣ್ಣು ರೀ?”

“ಈ ನಕ್ಷತ್ರ ನೋಡು, ಸಾಸಿವೆಗಿಂತ ಸಣ್ಣದು. ಕಣ್ಣಿಲ್ದೆ ಆಗತ್ತಾ?”

ಹಿಂದಿನ ಕಾಳಗದಿಂದ ಬಂದ ಪಕ್ಕದ ಬೀದಿಯವನೊಬ್ಬ ತನ್ನ ಹೆಂಡತಿಯನ್ನೇ ಗುರುತಿಸದಿದ್ದುದನ್ನು ನಾವೆಲ್ಲ ಕಂಡಿದ್ದೆವು.

“ಬುದ್ಧಿ?” ಎಂದು ಅಮ್ಮ ಮೆಲ್ಲಗೆ ಕೇಳಿದಳು.

“ಅದು ಮೊದಲೂ ಇರ್ಲಿಲ್ಲ ಬಿಡು,” ಅಂದ ಅಪ್ಪ. “ಎಷ್ಟಿತ್ತೋ ಅಷ್ಟೂ ಇದೆ. ಇಲ್ದಿದ್ರೆ ಸೈನ್ಯದವರ ಕಾರ್ಡಿಗೂ ಮೂರು ನಕ್ಷತ್ರ ತುರುಕ್ತಿದ್ನಾ?”

ಅಮ್ಮ ಕಾರ್ಡನ್ನು ಎದೆಗೊತ್ತಿಕೊಂಡು ಜೋರಾಗಿ ಅತ್ತಳು. ಆ ನಾಲ್ಕು ತಿಂಗಳಲ್ಲಿ ಅವಳು ಅತ್ತಿದ್ದು ಅದೇ ಮೊದಲು.