ಸೋಸುಬಟ್ಟೆಯಲ್ಲಿ ಸಿಕ್ಕ ಮೀನುಗಳು

ನಮ್ಮ ಮನೆಗೆ ಮೀನು ಬಂದದ್ದು ನನ್ನ ತಪ್ಪಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಗಂಡ ಪಾರಿಸ, ಚಿಕ್ಕೋಡಿ ಪೇಟೆಯ ತುಂಬ ಅದನ್ನೇ ಹೇಳಿಕೊಂಡು ತಿರುಗುತ್ತಾರೆ.

ನಮ್ಮದು ಜೈನರ ಮನೆ. ಗೆಡ್ಡೆ ಗೆಣಸು ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನನ್ನ ಅತ್ತೆ ಸೋನಾಬಾಯಿಯವರಂತೂ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸದ ನೀರಿನಿಂದ ಕೈಕಾಲು ಸಹ ತೊಳೆಯುವುದಿಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ತಿರುಗಿ ಬಿಡಬೇಕು. ಬಾವಿಯದಾದರೆ ಬಾವಿಗೆ, ಕೆರೆಯದಾದರೆ ಕೆರೆಗೆ. ಎಪ್ಪತ್ತನಾಲ್ಕು ವರ್ಷದ ಅತ್ತೆ ಈ ನೇಮವನ್ನು ಒಂದು ದಿನ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಇಂಥವರ ಕೈಕೆಳಗೆ ಇಪ್ಪತ್ತೊಂದು ವರ್ಷ ಬಾಳಿದವಳು ನಾನು, ತ್ರಿಶಲಾ. ನನಗೆ ಸಿಟ್ಟು ಜಾಸ್ತಿ ಎನ್ನುವವರು ಒಂದು ವಾರ ನಮ್ಮ ಮನೆಯಲ್ಲಿದ್ದು ನೋಡಲಿ.

ಮಾರ್ಚ್ ತಿಂಗಳಲ್ಲಿ ರಾಯಬಾಗ ರಸ್ತೆಯ ನಾಮದೇವನ ನರ್ಸರಿಗೆ ಹೋಗಿ ನಾಲ್ಕು ಅಂತರಗಂಗೆ ಗಿಡ ತಂದೆ. ಹಿತ್ತಲಲ್ಲಿ ಒಂದು ಟಬ್ಬಿನಲ್ಲಿ ತೇಲಿಬಿಟ್ಟರೆ ಚಂದ ಕಾಣುತ್ತದೆ ಅಂತ. ಅವನ ಕೊಳದಲ್ಲಿ ಮೊಳದುದ್ದದ ಕೋಯಿ ಮೀನುಗಳಿದ್ದವು, ಕೆಂಪು, ಬಿಳಿ, ಬಂಗಾರದ ಬಣ್ಣದವು. ನೋಡಿದೆ, ಗಿಡ ತಗೊಂಡೆ, ಬಂದೆ. ಗಿಡದ ಬೇರಿಗೆ ಮೀನಿನ ತತ್ತಿ ಅಂಟಿಕೊಂಡಿದ್ದರೆ ನನಗೇನು ಕನಸು ಬಿದ್ದಿತ್ತೇ?

ಎಂಟು ದಿನಕ್ಕೆ ಆಶಾ ಕಾರ್ಯಕರ್ತೆ ಬಂದು, ನಿಂತ ನೀರಿನಲ್ಲಿ ಸೊಳ್ಳೆ ಆಗುತ್ತವೆ, ಚೆಲ್ಲಿಬಿಡಿ ಎಂದಳು. ನಾನು ಟಬ್ಬು ಎತ್ತಿದೆ.

‘ನಿಂದರ ಬೇ,’ ಎಂದರು ಅತ್ತೆ. ‘ಸೋಸಿ ಚೆಲ್ಲು.’

‘ಸೊಳ್ಳಿ ಮರಿನೂ ಸೋಸಬೇಕೇನ್ರಿ ಅತ್ತಿ?’

‘ಯಾಕ, ಸೊಳ್ಳಿಗೆ ಜೀಂವ ಇಲ್ಲೇನು?’

ಹಲ್ಲು ಕಡಿದುಕೊಂಡು ಸೋಸಿದೆ. ಬಟ್ಟೆಯ ಮೇಲೆ ರೆಪ್ಪೆಗೂದಲಿನಷ್ಟು ತೆಳ್ಳಗಿನವು ಮಿಸುಕಾಡುತ್ತಿದ್ದವು, ಒಂದೊಂದಕ್ಕೂ ಎರಡೆರಡು ಕರಿ ಕಣ್ಣು. ಅತ್ತೆ ಬಟ್ಟೆ ಕಸಿದುಕೊಂಡು ಗಡಬಡಿಸಿ ಟಬ್ಬಿನಲ್ಲಿ ಉಳಿದಿದ್ದ ನೀರಿನಲ್ಲಿ ಅದ್ದಿದರು.

‘ಅಯ್ಯ ನನ ದೇವರ! ಮೀನದ ಮರಿ ಬೇ ಇವು!’

ನಾಮದೇವನಿಗೆ ಫೋನು ಮಾಡಿದೆ. ಅವನು ಬಿದ್ದು ಬಿದ್ದು ನಕ್ಕ. ‘ವೈನಿ, ಈಗ ತಂದ ಕೊಳದಾಗ ಬಿಟ್ರ ಅವುಗಳ ಅವ್ವನ ತಿಂದ ಬಿಡತಾಳ್ರಿ. ನಾಕ ಬೆರಳ ಅಗಲ ಆಗೂತನಕ ಗಾಜಿನ ಟ್ಯಾಂಕಿನಾಗ ಬೆಳಸ್ರಿ, ಆಮ್ಯಾಲ ತರ್ರಿ.’

ಅತ್ತೆ ತೀರ್ಪು ಕೊಟ್ಟರು: ‘ಹಂಗಾದ್ರ ಬೆಳಸೂದು. ಬೆಳದ ಮ್ಯಾಲ ಒಂದೂ ಉಳೀದಂಗ ಅವು ಬಂದ ನೀರಿಗೆ ಹೋಗಬೇಕು.’

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಪಾರಿಸ ಹತ್ತು ವರ್ಷದವರಿದ್ದಾಗ ಬಾಟಲಿಯಲ್ಲಿ ಮೀನು ತಂದು ಇದೇ ತಾಯಿಯ ಕೈಯಲ್ಲಿ ಏಟು ತಿಂದವರು. ಮರುದಿನವೇ ನಿಪ್ಪಾಣಿಗೆ ಹೋಗಿ ಮೂರು ಅಡಿಯ ಗಾಜಿನ ಟ್ಯಾಂಕು, ಗಾಳಿ ಬಿಡುವ ಪಂಪು, ಸ್ಪಂಜಿನ ಫಿಲ್ಟರು ಎಲ್ಲ ಹೊತ್ತು ತಂದರು. ‘ಆಯಿನ ಹೇಳ್ಯಾಳ, ನಾ ಏನ ಮಾಡ್ಲಿ?’ ಅಂತ ಬಾಯಿ ಕಿವಿಯವರೆಗೆ. ಇಷ್ಟು ಮಾಡಿ ಅವರು ಅಂಗಡಿಗೆ ಹೋದರು. ಕೆಲಸ ಯಾರ ತಲೆಗೆ? ಹೇಳಬೇಕೇ!

ಮೊದಲು ಏನು ತಿನ್ನಿಸಬೇಕೆಂದು ಕೇಳಿದರೆ ನಾಮದೇವ, ಕುದಿಸಿದ ತತ್ತಿಯ ಹಳದಿ ಎಂದ. ಫೋನು ಕೈಯಿಂದ ಜಾರಿತು. ಕೊನೆಗೆ ಸೋಯಾ ಹಿಟ್ಟು ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಹನಿ ಹನಿಯಾಗಿ ಹಾಕಿದೆ. ಜೊತೆಗೆ ದಿನಕ್ಕೊಂದು ಬಾಟಲಿ ಅವನ ಕೊಳದ ಪಾಚಿ ತುಂಬಿದ ಹಸಿರು ನೀರು. ದಿನ ಬಿಟ್ಟು ದಿನ ಪೈಪಿನಿಂದ ತಳದ ಹೊಲಸು ಎಳೆದು, ಹಿಂದಿನ ದಿನ ತುಂಬಿಟ್ಟ ಬಾವಿ ನೀರು ಹಾಕುವುದು. ಗೋಡೆಯಾಚೆಯಿಂದ ಚನ್ನವ್ವ, ‘ತ್ರಿಶಲಕ್ಕಾ, ಸಾರ ಯಾವಾಗ್ರಿ?’ ಎಂದು ಕೇಳಿ ನಗುತ್ತಿದ್ದಳು. ನಾನು ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುತ್ತ, ಈ ಪೀಡೆ ಯಾವಾಗ ತೊಲಗುತ್ತದೋ ಎನ್ನುತ್ತಿದ್ದೆ.

ಒಂದು ತಿಂಗಳಿಗೆ ಬಣ್ಣ ಬಂತು. ಬೂದುಬಣ್ಣದ ಕಡ್ಡಿಗಳಂತಿದ್ದವು ಒಂದೊಂದಾಗಿ ಅರಿಶಿನ, ಕೇಸರಿ, ಬಿಳಿ ಆದವು. ಚನ್ನವ್ವ ಸಾರಿನ ಮಾತು ಬಿಟ್ಟು, ಮಧ್ಯಾಹ್ನ ಟ್ಯಾಂಕಿನ ಮುಂದೆ ಬಂದು ಕೂತು ಶೇಂಗಾ ಸುಲಿಯತೊಡಗಿದಳು. ಆ ಹೊತ್ತಿನಲ್ಲಿ ಮನೆ ಎಷ್ಟು ಚಂದವಿರುತ್ತಿತ್ತು ಅಂತ ಹೇಳಲಾರೆ. ಪಂಪಿನ ಗುಳುಗುಳು, ಅತ್ತೆಯ ಜಪ, ನಮ್ಮಿಬ್ಬರ ಹರಟೆ.

ಅಂಥದೇ ಒಂದು ಮಧ್ಯಾಹ್ನ ಅದನ್ನು ಕಂಡೆ. ಎಲ್ಲಕ್ಕಿಂತ ಎರಡು ಪಟ್ಟು ದೊಡ್ಡದಾಗಿದ್ದ ಒಂದು ಮರಿ, ಬಿಳಿ ಮೈ, ನೆತ್ತಿಯ ಮೇಲೆ ಕೇಸರಿ. ಅದರ ಬಾಯಿಂದ ಇನ್ನೊಂದರ ಬಾಲ ಹೊರಗೆ ಅಲ್ಲಾಡುತ್ತಿತ್ತು! ಗೆಡ್ಡೆ ತಿನ್ನದ ಮನೆಯಲ್ಲಿ ಒಡಹುಟ್ಟಿದವರನ್ನೇ ತಿನ್ನುವವನೇ? ನಾಮದೇವ ಫೋನಿನಲ್ಲಿ ಸುಮ್ಮನೆ, ‘ಒಂದೊಂದ ಹಂಗ ಇರತಾವ್ರಿ ವೈನಿ. ತಗದ ಒಗೀರಿ,’ ಎಂದ.

ಒಗೆಯುವುದು ಹೇಗೆ? ಬಚ್ಚಲಮನೆಯ ಪಕ್ಕ ಬೇರೆ ಟಬ್ಬಿಟ್ಟು ಅದರಲ್ಲಿ ಆ ಮರಿಯೊಂದನ್ನೇ ಬಿಟ್ಟೆ. ಅತ್ತೆ ಕೇಳಿದಾಗ, ‘ಮೈಯಾಗ ಆರಾಮ ಇಲ್ರಿ ಅದಕ್ಕ,’ ಎಂದೆ. ಕಳ್ಳನ ಮನಸ್ಸು ಹುಳ್ಳಗೆ, ಅತ್ತೆಯ ಮುಖ ನೋಡಲಿಲ್ಲ.

ಒಂಟಿಯಾಗಿದ್ದುದಕ್ಕೆ ನಾನೇ ಜೊತೆಯಾದೆ. ಬೈಯುತ್ತ ಹಿಟ್ಟು ಹಾಕುತ್ತಿದ್ದೆ: ‘ಏ ಉಂಡಾಡಿ, ನಾಚಿಕಿ ಐತಿಲ್ಲೋ ನಿನಗ?’ ಅದು ಬಾಯಿ ತೆರೆದು ಮುಚ್ಚಿ ನನಗೇ ತಿರುಗಿ ಬೈಯುತ್ತಿತ್ತು. ಆಮೇಲಾಮೇಲೆ ನನ್ನ ಹೆಜ್ಜೆ ಸಪ್ಪಳಕ್ಕೆ ಮೇಲೆ ಬಂದು ಬೆರಳ ತುದಿ ಚೀಪತೊಡಗಿತು. ನನ್ನಷ್ಟೇ ಸಿಡುಕು, ನನ್ನಷ್ಟೇ ಹಸಿವು. ಉಳಿದವು ಅದರ ಬಾಯಿಗೆ ಸಿಗದಷ್ಟು ಬೆಳೆದ ಮೇಲೆ ಟ್ಯಾಂಕಿಗೆ ತಂದು ಬಿಟ್ಟೆ. ಅಲ್ಲೂ ನಾನು ಬಂದರೆ ಗಾಜಿಗೆ ಮೂತಿ ಹಚ್ಚಿ ನಿಲ್ಲುವುದು ಅದೊಂದೇ. ಕ್ಯಾಲೆಂಡರಿನಲ್ಲಿ ದಿನ ಹೊಡೆಯುವುದು ಯಾವಾಗ ನಿಂತಿತೋ ನನಗೇ ತಿಳಿಯದು.

ಆದರೆ ಅತ್ತೆ ಮರೆತಿರಲಿಲ್ಲ. ದಿನಾ ಮುಂಜಾನೆ ಗಾಜಿಗೆ ನಾಲ್ಕು ಬೆರಳು ಹಚ್ಚಿ ಅಳೆಯುತ್ತಿದ್ದರು. ಆಗಸ್ಟಿನಲ್ಲಿ ಒಂದು ದಿನ, ‘ತುಂಬ್ಯಾವ. ನಾಳೆ ಬಿಡೂಣು,’ ಎಂದರು.

ಮಾನ ಬಿಟ್ಟು ಕೇಳಿದೆ, ‘ಅತ್ತಿ, ಒಂದ ಇಟಗೊಳ್ಳೂಣ್ರಿ. ಆ ನೆತ್ತಿ ಕೆಂಪಂದು.’

‘ನೇಮ ಅಂದ್ರ ನೇಮ.’

ಆ ದಿನ ನಾನು ಪಾತ್ರೆ ತೊಳೆದ ಸದ್ದು ಬಸ್‌ಸ್ಟ್ಯಾಂಡಿನ ತನಕ ಕೇಳಿಸಿರಬೇಕು.

ಮರುದಿನ ಮೀನುಗಳನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಿಗೆ ಹಾಕಿಕೊಂಡು ನಾಲ್ಕು ಗಂಟೆಗೆ ನರ್ಸರಿಗೆ ಹೋದೆವು. ನಾಮದೇವ ಚೀಲಗಳನ್ನು ಕೊಳದ ಮೇಲೆ ಸ್ವಲ್ಪ ಹೊತ್ತು ತೇಲಿಬಿಟ್ಟು, ನೀರು ನೀರು ಹೊಂದಿಕೊಂಡ ಮೇಲೆ ಒಂದೊಂದಾಗಿ ಬಾಯಿ ಬಿಚ್ಚಿದ. ನಮ್ಮ ಮರಿಗಳು ಸರ್ರನೆ ಹೋಗಿ ದೊಡ್ಡವುಗಳ ನಡುವೆ ಸೇರಿಕೊಂಡವು. ಪಾರಿಸ ಮೂಗು ಒರೆಸಿಕೊಂಡರು. ಅತ್ತೆ ಕಟ್ಟೆಯ ಮೇಲೆ ಕೂತು ಕೈ ಮುಗಿದರು.

ಕೊನೆಯ ಚೀಲ ನನ್ನ ಮಡಿಲಲ್ಲಿತ್ತು. ‘ಕೊಡ್ರಿ ವೈನಿ,’ ಎಂದು ನಾಮದೇವ ಕೈ ಚಾಚಿದ. ನನ್ನ ಕೈ ಏಳಲಿಲ್ಲ. ಬಾಯಿಗೆ ಬಂದದ್ದನ್ನು ಒದರಿದೆ:

‘ಇದು ಪಾಪಿ ಐತಿ! ತನ್ನ ತಮ್ಮಗೋಳನ್ನ ತಿಂದೈತಿ. ಇದು ನಿನ್ನ ಕೊಳದಾಗ ಬ್ಯಾಡ!’

ಅಯ್ಯೋ, ಅತ್ತೆಯ ಎದುರಿಗೇ! ಅವರು ನನ್ನ ಕಡೆ ತಿರುಗಲೂ ಇಲ್ಲ. ‘ನನಗ ಗೊತ್ತೈತಿ ಬೇ. ದಿನಾ ಎಣಸತಿದ್ನಿ,’ ಎಂದರು. ಆಮೇಲೆ ನಾಮದೇವನಿಗೆ, ‘ಏ ತಮ್ಮಾ, ಕೈ ಹಿಂದ ತಗಿ.’

ನಾಮದೇವ ಕೈ ಹಿಂದೆಗೆದ.

‘ಈಕಿನ್ನ ತವರಮನಿ ಮಂಗಸೂಳಿಯಿಂದ ತಂದಾಗ ಇಪ್ಪತ್ತ ವರ್ಷದಾಕಿ. ಬಂದ ತಿಂಗಳದಾಗ ನನ್ನ ಜೋಡಿ ಮೂರ ಸಲ ಜಗಳಾ ತಗದ್ಲು. ಸಿಟ್ಟಿನಾಕಿ, ಬಂದಲ್ಲಿಗೇ ಬಿಟ್ಟ ಬರ್ರಿ ಅಂತ ಮಂದಿ ಅಂದ್ರು. ಬಿಟ್ನೇನು?’ ಅತ್ತೆ ಮೊಣಕಾಲ ಮೇಲೆ ಕೈಯೂರಿ ಎದ್ದರು. ‘ಇಟಗೊಂಡ್ನಿ. ಚಲೋನ ಆತು.’

ಇಪ್ಪತ್ತೊಂದು ವರ್ಷದಲ್ಲಿ ಅವರ ಬಾಯಿಂದ ಇಂಥ ಮಾತು ನಾನು ಕೇಳಿರಲಿಲ್ಲ. ಹೊರಗಿನವನ ಮುಂದೆ ಅಳಬಾರದು ಎಂದುಕೊಂಡೇ ಗಳಗಳ ಅತ್ತುಬಿಟ್ಟೆ.

‘ಒಂಟಿ ಆಗತೈತ್ರಿ ಆಯಿ, ಜೋಡಿಗೆ ಇನ್ನೊಂದೆರಡ ಹಿಡೀಲೇನ್ರಿ?’ ಎಂದ ನಾಮದೇವ.

‘ದಿನಕ್ಕೊಂದ ತಪ್ಪ ಸಾಕು.’

‘ಹಂಗಾರ ನಾ ನಾಳೆ ಬರತೀನಿ,’ ಎಂದರು ಪಾರಿಸ, ನೆಲ ನೋಡುತ್ತ.

ಅತ್ತೆ ಕೇಳದವರಂತೆ ಗಾಡಿಯ ಕಡೆ ನಡೆದರು. ನೇಮ ತಪ್ಪಿದ್ದಕ್ಕೆ ಮೂರು ದಿನ ಉಪವಾಸ ಮಾಡುತ್ತೇನೆ ಎಂದರು. ಈ ವಯಸ್ಸಿನಲ್ಲಿ ಮೂರು ದಿನ! ನಾನು ಚೀಲ ಅವುಚಿಕೊಂಡು ಹಿಂದೆ ಓಡಿದೆ.

‘ಅತ್ತಿ, ನಿಮ್ಮ ಜೋಡಿ ನಾನೂ ಮಾಡತೀನ್ರಿ.’

‘ನೀ ಯಾಕ?’ ಎಂದು ಗದರಿದರು. ‘ತಪ್ಪ ನಂದು. ಮೀನ ನಿಂದು.’