ಎರೆಹುಳುವಿಗೆ ಬಿಸಿ ಊಟ

ಅತ್ತೆಗೆ ಇದ್ದದ್ದು ಒಂದೇ ಹಠ. ಮನೆಯಲ್ಲಿ ಯಾವ ಬಾಯಿಗೂ ಹಳಸಿದ್ದು ಬೀಳಬಾರದು. ಬೆಕ್ಕಿಗೆ ಹಾಲಿಡುವಾಗಲೂ ಬೆರಳದ್ದಿ ಬೆಚ್ಚಗಿದೆಯೇ ಎಂದು ನೋಡುವ ಜೀವ. ಅಂಥವರ ಕೈಗೆ ಹಿತ್ತಲಿನ ಎರೆಹುಳುವಿನ ತೊಟ್ಟಿಯನ್ನು ಒಪ್ಪಿಸಿ ಸೊಸೆ ಎರಡು ದಿನ ತವರಿಗೆ ಹೋಗಿದ್ದಳು.

ಮೂರನೆಯ ದಿನ ಬೆಳಗ್ಗೆ ಬಂದವಳೇ ತೊಟ್ಟಿಯ ಮೇಲಿನ ಗೋಣಿ ಎತ್ತಿದಳು. ಒಂದು ಹುಳುವೂ ಇಲ್ಲ. ಒಳಗೆ ಕೈಯಿಟ್ಟು, ಚುರ್ ಎಂದೊಡನೆ ಹಿಂದಕ್ಕೆಳೆದುಕೊಂಡಳು.

"ಅತ್ತೆ! ಇದಕ್ಕೇನು ಹಾಕಿದ್ರಿ?"

"ಹಸಿ ಸಗಣಿ ಕಣೇ. ಆಗಷ್ಟೇ ಹಸು ಹಾಕಿದ್ದು, ಬಿಸಿಬಿಸಿ," ಅತ್ತೆ ಹೆಮ್ಮೆಯಿಂದ ಸೆರಗು ಸಿಕ್ಕಿಸಿದರು. "ನೀನೋ, ತಿಂಗಳ ಹಿಂದಿಂದು ಬಡಿಸ್ತಿದ್ದೆ. ಬಾಯಿಲ್ಲದ ಪ್ರಾಣಿ ಅಂತ ಹಾಗಾ ಮಾಡೋದು?"

"ಹಸಿ ಸಗಣಿ ಒಳಗೊಳಗೇ ಕಾಯುತ್ತೆ ಅತ್ತೆ! ಅದು ಆರಿ ಹಳತಾದ್ಮೇಲೇ ಹುಳ ತಿನ್ನೋದು. ನೀವು ಅವುಗಳ ಹಾಸಿಗೆ ಕೆಳಗೆ ಒಲೆ ಹಚ್ಚಿದ್ದೀರಿ!"

ಅತ್ತೆಯ ಮುಖ ಸಪ್ಪಗಾಯಿತು. ಸೊಸೆ ಬೈಯುವುದನ್ನು ಬಿಟ್ಟು ಗೋಣಿಯನ್ನು ಮತ್ತೆ ಮುಚ್ಚಿ ಗೇಟಿನ ಕಡೆ ನೋಡಿದಳು. ನರ್ಸರಿ ನಡೆಸುವ ಹೆಂಗಸು ಇವತ್ತೇ ಬರುವವಳಿದ್ದಳು. ಅವಳು ಒಪ್ಪಿದರೆ ಈ ಓಣಿಯ ನಾಲ್ಕು ಮನೆಯ ಗೊಬ್ಬರವೂ ಅವಳ ಗಿಡಗಳಿಗೇ. ನಾಲ್ಕು ಮನೆಯ ಹೆಂಗಸರೂ ನಸುಕಿನಲ್ಲೇ ಲಾರಿ ಹತ್ತಿ ಪರರ ಹೊಲಕ್ಕೆ ಕೂಲಿಗೆ ಹೋಗುವುದು ತಪ್ಪುತ್ತದೆ. ಉಳಿದ ಮೂರು ಮನೆಗೂ ಹುಳು ಹೋಗಬೇಕಾದದ್ದು ಈ ತೊಟ್ಟಿಯಿಂದಲೇ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ನೆನೆದವರ ಮನದಲ್ಲಿ ಅಂತಾರಲ್ಲ, ನರ್ಸರಿಯಮ್ಮ ಬಂದೇಬಿಟ್ಟಳು.

ಸೊಸೆ ಜರಡಿ ಹಿಡಿದ ಗೊಬ್ಬರದ ಚೀಲ ಬಿಚ್ಚಿ ತೋರಿಸಿದಳು. ನರ್ಸರಿಯಮ್ಮ ಒಂದು ಮುಷ್ಟಿ ಮೂಸಿ ತಲೆದೂಗಿದಳು. "ಚೆನ್ನಾಗಿದೆ. ಆದ್ರೆ ಚೀಲ ಯಾರು ಬೇಕಾದ್ರೂ ತೋರಿಸ್ತಾರಮ್ಮ. ಹುಳ ತೋರಿಸು."

"ಅವು... ಸ್ವಲ್ಪ ಆಚೆ ಹೋಗಿವೆ," ಎಂದಳು ಸೊಸೆ.

"ಆಚೆ ಹೋಗಿವೆ? ಸಂತೆಗಾ?"

ಅತ್ತೆ ಮುಂದೆ ಬಂದರು. "ಅವಳದ್ದೇನೂ ತಪ್ಪಿಲ್ಲ ತಾಯಿ. ಮೇಲಿದ್ದ ಹಳಸಿದ್ದನ್ನೆಲ್ಲ ಬಾಚಿ ಬಿಸಾಕಿ, ಬಿಸಿ ಸಗಣಿ ಹಾಕಿ ಓಡಿಸ್ದೋಳು ನಾನು. ಬೈಯೋದಿದ್ರೆ ನಂಗೆ ಬೈ."

ನರ್ಸರಿಯಮ್ಮ ಏನೋ ಹೇಳಲು ಬಾಯಿ ತೆರೆದಳು. ಆಗಲೇ ಪಕ್ಕದ ಮನೆಯ ಕೋಳಿ ಬೇಲಿ ಹಾರಿ ಬಂದು ತೊಟ್ಟಿಯ ಹಿಂದೆ ಕೆರೆಯತೊಡಗಿತು.

"ಹಾಳಾದ್ದು, ಬೆಳಗ್ಗೆಯಿಂದ ಅಲ್ಲೇ ಅದಕ್ಕೇನೋ ಕೆಲ್ಸ!" ಅತ್ತೆ ಪೊರಕೆ ಬೀಸಿದರು.

ಸೊಸೆಗೆ ತಟ್ಟನೆ ಹೊಳೆಯಿತು. "ಅತ್ತೆ, ಬಾಚಿ ಬಿಸಾಕಿದ್ದು ಎಲ್ಲಿಗೆ?"

"ಅಲ್ಲೇ ತೊಟ್ಟಿ ಹಿಂದೆ, ಸೋರೋ ನೀರಿನ ಡ್ರಮ್ಮಿನ ಪಕ್ಕ. ನೀನು ನೋಡಿ ಬೈತೀಯ ಅಂತ ಒಂದು ಗೋಣಿ ಮುಚ್ಚಿದ್ದೆ."

ಸೊಸೆ ಓಡಿದಳು. ತೊಟ್ಟಿಯ ಗೋಡೆಯಲ್ಲಿ ನೀರು ಬಸಿಯಲು ಬಿಟ್ಟ ತೂತಿಗೆ ಒತ್ತಿಕೊಂಡೇ ಇತ್ತು ಆ ರಾಶಿ. ಹನಿಹನಿ ನೀರು ಬಿದ್ದು ಗೋಣಿ ತೊಯ್ದಿತ್ತು. ಅದರ ತುದಿ ಎತ್ತಿದರೆ ಬಿಚ್ಚಿಬಿದ್ದ ಉಣ್ಣೆಯ ಉಂಡೆಯ ಹಾಗೆ ಹುಳುಗಳು! ಒಂದರ ಮೇಲೊಂದು ಹೊರಳಿ, ಬೆಳಕು ಕಂಡೊಡನೆ ಕೆಳಕ್ಕೆ ನುಸುಳತೊಡಗಿದವು.

"ಅಯ್ಯೋ ನನ್ನ ಬಂಗಾರಗಳಾ!" ಸೊಸೆ ಅಲ್ಲೇ ಕುಕ್ಕರಿಸಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ನರ್ಸರಿಯಮ್ಮ ಬಗ್ಗಿ ಆ ಹಳೆಯ ಸಗಣಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಯಾರೂ ಕರೀದೆ ತಾವಾಗೇ ಹುಡುಕ್ಕೊಂಡು ಬಂದಿವೆ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಮುಂದಿನ ವಾರದಿಂದ ನಿಂದು, ಗೊಬ್ಬರ ಆದ ಹಾಗೆ ಉಳಿದ ಮೂರು ಮನೇದೂ ನಂಗೇ ಕಳ್ಸಮ್ಮ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅಜ್ಜಿ, ನೀವು ಮಾತ್ರ ಬಡಿಸೋಕೆ ಹೋಗ್ಬೇಡಿ."

"ಹೋಗಲ್ಲ ತಾಯಿ. ಆದ್ರೂ ಹೇಳ್ತೀನಿ, ಹಳಸಿದ್ದಕ್ಕೆ ಇಷ್ಟು ಮುಗಿಬೀಳೋ ಜಾತಿನ ನಾನು ಕಂಡಿಲ್ಲ," ಎನ್ನುತ್ತ ಅತ್ತೆ ಅಡುಗೆಮನೆಗೆ ಹೊರಟರು. "ಕೂತ್ಕೋ, ಬಿಸಿಬಿಸಿ ಚಹಾ ತರ್ತೀನಿ."

"ಅತ್ತೆ," ಎಂದು ಕೂಗಿದಳು ಸೊಸೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಸ್ವಲ್ಪ ಆರಿಸಿ ತನ್ನಿ. ಇವರೂ ಓಡಿಹೋದಾರು!"